ತಿಥಿ ಮಾಡುವ ಮುನ್ನ ಒಂದು ತಂತಿ ಕಟ್ಟಿ

ನನ್ನ ಪಿಎಚ್.ಡಿ. ಪ್ರಬಂಧದ ಮೂರನೇ ಅಧ್ಯಾಯದಲ್ಲಿ ಹೀಗೊಂದು ವಾಕ್ಯವಿತ್ತು: ‘ಕಳೆದ ದಶಕ ಮುಗಿಯುವ ಹೊತ್ತಿಗೆ ಬೆಂಗಳೂರಿನ ನಡುಮನೆಗಳಿಂದ ರೇಡಿಯೋ ಎದ್ದು ಹೋಗಿತ್ತು.’ ಬರೆದಾಗ ನನಗೇ ಹೆಮ್ಮೆಯಾಗಿತ್ತು. ಒಂದು ವಿಚಾರ ಸಂಕಿರಣದಲ್ಲಿ ಅದನ್ನೇ ಓದಿದೆ. ಮುಂದಿನ ಸಾಲಿನಲ್ಲಿದ್ದ ಹಿರಿಯರು ತಲೆದೂಗಿದರು, ಒಬ್ಬರು ಚಹಾದ ವಿರಾಮದಲ್ಲಿ ಬಂದು ‘ನಮ್ಮ ಕಾಲದ ರೇಡಿಯೋ ನೆನಪಾಗಿ ಕಣ್ಣು ತುಂಬಿ ಬಂತಮ್ಮಾ’ ಎಂದರು. ಇದಕ್ಕೆ ಆಧಾರವೇನು ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ನನ್ನ ಬಳಿ ಇದ್ದ ಆಧಾರ ಒಂದೇ: ನಾನು ಬಾಡಿಗೆಗಿರುವ ಮನೆಯ ಸ್ಟೀರಿಯೋದಿಂದ ಬರುತ್ತಿದ್ದ ಗೊರಗೊರ ಸದ್ದು.

ಈ ಬರಹ ಆ ವಾಕ್ಯದ ವಿರುದ್ಧ. ಅದನ್ನು ಕೇಳಿ ತಲೆದೂಗಿದವರ ವಿರುದ್ಧವೂ ಹೌದು. ಅವರಲ್ಲಿ ಮೊದಲನೆಯವಳು ನಾನೇ ಆದ್ದರಿಂದ ಬೈಗುಳದಲ್ಲಿ ನನ್ನ ಪಾಲು ಮೊದಲು ತೆಗೆದಿಟ್ಟುಕೊಂಡಿದ್ದೇನೆ.

ನಾನಿರುವುದು ಅವೆನ್ಯೂ ರಸ್ತೆಯ ಒಂದು ಅಡ್ಡಗಲ್ಲಿಯಲ್ಲಿ. ಈ ಬೀದಿಗೆ ನಾನು ಮೊದಲು ಬಂದದ್ದು ಎಲ್ಲ ವಿದ್ಯಾರ್ಥಿಗಳ ಹಾಗೆ ಹಳೇ ಪುಸ್ತಕ ಹುಡುಕಿಕೊಂಡು. ಉಳಿದದ್ದು ಫೆಲೋಶಿಪ್ ಹಣದಲ್ಲಿ ಕೊಡಬಹುದಾದ ಬಾಡಿಗೆಗೆ ಒಂದು ಕೋಣೆ ಸಿಕ್ಕಿತೆಂದು. ಹಿಂದೆ ದೊಡ್ಡಪೇಟೆ ಎನಿಸಿಕೊಂಡಿದ್ದ ಬೀದಿಯಿದು. ಇದೂ ಚಿಕ್ಕಪೇಟೆಯೂ ಕೂಡುವ ಚೌಕದಿಂದಲೇ ಕೆಂಪೇಗೌಡ ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿದ ಎಂದು ಹೇಳುತ್ತಾರೆ. ಈಗ ಕೆಳಗೆ ಮದುವೆ ಕಾರ್ಡಿನ ಅಂಗಡಿ, ಮೇಲೆ ಕಾಗದದ ಗೋದಾಮು, ಅದರ ಹಿಂದೆ ಮನೆ. ಎಡಬಲದಲ್ಲಿ ನಾಲ್ಕು ನಾಲ್ಕು ಮಹಡಿಯ ಹೊಸ ಕಾಂಕ್ರೀಟು ಕಟ್ಟಡಗಳು, ಎದುರಿಗೆ ಕೈಚಾಚಿದರೆ ಸಿಗುವಷ್ಟು ದೂರದಲ್ಲಿ ಇನ್ನೊಂದು ಗೋಡೆ. ಮನೆಯ ಮುಂಬಾಗಿಲಿಗೆ ಕಬ್ಬಿಣದ ಗ್ರಿಲ್ಲು, ಕಿಟಕಿಗೆ ಕಬ್ಬಿಣದ ಸರಳು.

ಮನೆಯ ಯಜಮಾನಿಗೆ ಎಂಬತ್ತು ದಾಟಿದೆ, ಕಣ್ಣು ಮಂಜಾಗಿದೆ. ನಾನು ಅಜ್ಜಿ ಎನ್ನುತ್ತೇನೆ. ನಡುಮನೆಯಲ್ಲಿರುವ ಸ್ಟೀರಿಯೋ ತಾತ ಇದ್ದಾಗ ತಂದದ್ದು. ಎರಡು ಕ್ಯಾಸೆಟ್ ಹಾಕುವ ಡೆಕ್ಕು, ಎರಡು ದೊಡ್ಡ ಸ್ಪೀಕರ್, ಮೇಲೆ ಟ್ಯೂನರ್. ಕ್ಯಾಸೆಟ್ ತಿರುಗುವುದು ನಿಂತು ಎಷ್ಟೋ ಕಾಲವಾಯಿತು. ರೇಡಿಯೋ ಹಾಕಿದರೆ ಮಾತಿಗಿಂತ ಸದ್ದೇ ಜಾಸ್ತಿ. ‘ಸ್ಟೇಷನ್ನೇ ಮುಚ್ಬಿಟ್ರಂತೆ ಕಣೆ, ಮೊಮ್ಮಗ ಹೇಳ್ದ’ ಎಂದು ಅಜ್ಜಿ ಒಮ್ಮೆ ಹೇಳಿದರು. ನಾನು ಸುಮ್ಮನಿದ್ದೆ. ಸ್ಟೇಷನ್ ಮುಚ್ಚಿಲ್ಲವೆಂಬುದು ನನಗೆ ಗೊತ್ತಿತ್ತು. ಆದರೂ ಸುಮ್ಮನಿದ್ದೆ, ಯಾಕೆಂದರೆ ಅಜ್ಜಿಯ ಮಾತು ನನ್ನ ಅಧ್ಯಾಯಕ್ಕೆ ಚೆನ್ನಾಗಿ ಹೊಂದುತ್ತಿತ್ತು.

ನನ್ನನ್ನು ಸಿಕ್ಕಿಹಾಕಿಸಿದ್ದು ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಮಾರುವವರೊಬ್ಬರ ಸಣ್ಣ ಟ್ರಾನ್ಸಿಸ್ಟರು. ನನ್ನ ಮನೆಯಿಂದ ಇಪ್ಪತ್ತು ಮೂವತ್ತು ಹೆಜ್ಜೆ. ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯ ಗೈಡುಗಳ ರಾಶಿಯ ಮೇಲೆ ಅದನ್ನು ಒರಗಿಸಿ, ಕಡ್ಡಿ ಆಂಟೆನಾ ಪೂರ್ತಿ ಎಳೆದು, 101.3ರಲ್ಲಿ ಕನ್ನಡ ಕಾಮನಬಿಲ್ಲು ಹಾಕಿಕೊಂಡಿದ್ದರು. ಸ್ಪಷ್ಟವಾಗಿ ಬರುತ್ತಿತ್ತು. ಆಟೋ, ಗಾಡಿ, ‘ಸೈಡು ಸೈಡು’ ಎಂದು ಕೂಗುವ ಹಮಾಲಿಗಳ ನಡುವೆಯೂ ಒಂದೊಂದು ಅಕ್ಷರ ಕೇಳುತ್ತಿತ್ತು. ‘ಇಲ್ಲಿ ಹೇಗೆ ಇಷ್ಟು ಚೆನ್ನಾಗಿ ಬರುತ್ತೆ?’ ಎಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ, ‘ಕಡ್ಡಿ ಎಳೆದ್ರೆ ಬರುತ್ತೆ ಮೇಡಂ’ ಎಂದರು.

ಆ ರಾತ್ರಿ ಸ್ಟೀರಿಯೋವನ್ನು ಗೋಡೆಯಿಂದ ಈಚೆಗೆ ಎಳೆದು ಹಿಂಭಾಗ ನೋಡಿದೆ. ಆಂಟೆನಾ ಸಿಕ್ಕಿಸುವ ಸ್ಕ್ರೂಗಳಿದ್ದವು: ಎಫ್‌ಎಂ 300 ಓಮ್, ಎಫ್‌ಎಂ 75 ಓಮ್, ಎಎಂ, ಅರ್ತ್. ಅವುಗಳಲ್ಲಿ ಒಂದರಿಂದ ಗೇಣುದ್ದದ ತಂತಿಯೊಂದು ಜೋತಾಡುತ್ತಿತ್ತು. ಸೆಟ್ಟಿನ ಜೊತೆ ಬಂದಿದ್ದ ಇಂಗ್ಲಿಷಿನ ಟಿ ಆಕಾರದ ಚಪ್ಪಟೆ ತಂತಿ ಯಾವುದೋ ವರ್ಷ ಸುಣ್ಣ ಬಳಿಯುವಾಗ ಕಿತ್ತುಹೋಗಿತ್ತು. ಅಂದರೆ ನನ್ನ ಮೂರನೇ ಅಧ್ಯಾಯದ ಮುಖ್ಯ ತೀರ್ಮಾನಕ್ಕೆ ಆಧಾರ, ಯಾರೋ ಸುಣ್ಣ ಬಳಿಯುವವರು ಕಿತ್ತೆಸೆದ ಒಂದು ತಂತಿ.

ಇದನ್ನು ಸರಿಪಡಿಸಿದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಸಾಹಿತ್ಯ ಪತ್ರಿಕೆಯಲ್ಲಿ ಇದೆಲ್ಲ ಯಾಕೆ ಎಂದು ಮೂಗು ಮುರಿಯುವವರಿಗಾಗಿಯೇ ಹೇಳುತ್ತಿದ್ದೇನೆ.

ಮೊದಲ ಕೆಲಸಕ್ಕೆ ಕಾಸಿನ ಖರ್ಚಿಲ್ಲ: ಟ್ಯೂನರಿನ ಮುಂದೆ ‘ಸ್ಟೀರಿಯೋ/ಮೋನೋ’ ಎಂಬ ಗುಂಡಿ ಇರುತ್ತದೆ, ಅದನ್ನು ಮೋನೋಗೆ ಒತ್ತುವುದು. ಎಫ್‌ಎಂನಲ್ಲಿ ಎಡಬಲದ ಧ್ವನಿಗಳ ಮೊತ್ತ ಒಂದು ಕಡೆ ಸಾಗುತ್ತದೆ; ಎರಡರ ನಡುವಿನ ವ್ಯತ್ಯಾಸವನ್ನು ಬೇರೆಯಾಗಿ, 38 ಕಿಲೋಹರ್ಟ್ಸ್ ಆಸುಪಾಸಿನಲ್ಲಿ, ಕೂರಿಸಿ ಕಳಿಸುತ್ತಾರೆ. ಎಫ್‌ಎಂನಲ್ಲಿ ಮೇಲೆ ಮೇಲೆ ಹೋದಷ್ಟೂ ಗದ್ದಲ ಹೆಚ್ಚು. ಹಾಗಾಗಿ ಸಂಕೇತ ದುರ್ಬಲವಾಗಿದ್ದಾಗ ಮೊದಲು ಹಾಳಾಗುವುದು ಈ ವ್ಯತ್ಯಾಸದ ಭಾಗ. ಸ್ಟೀರಿಯೋದಲ್ಲಿ ಕೇಳುವಾಗಿನ ಗದ್ದಲ ಮೋನೋಗಿಂತ ಸುಮಾರು 20 ಡೆಸಿಬೆಲ್ ಜಾಸ್ತಿ, ಶಕ್ತಿಯ ಲೆಕ್ಕದಲ್ಲಿ ನೂರು ಪಟ್ಟು. ವಾರ್ತೆಗೆ, ಭಾಷಣಕ್ಕೆ, ಬಾನುಲಿ ನಾಟಕಕ್ಕೆ ಎಡಬಲ ಬೇಕಿಲ್ಲ. ಗುಂಡಿ ಒತ್ತಿದೊಡನೆ ಜಡಿಮಳೆಯಂತಿದ್ದ ಸದ್ದು ತುಂತುರಿಗೆ ಇಳಿಯಿತು.

ಎರಡನೆಯದು, ಮನೆಯೊಳಗಿನ ಗದ್ದಲ. ಮೊಬೈಲ್ ಚಾರ್ಜರ್, ಅಗ್ಗದ ಎಲ್‌ಇಡಿ ಬಲ್ಬು, ವೈಫೈ ಪೆಟ್ಟಿಗೆಯ ಅಡಾಪ್ಟರ್, ಇವುಗಳೊಳಗೆ ಕರೆಂಟನ್ನು ಕ್ಷಣಕ್ಕೆ ಸಾವಿರಾರು ಸಲ ಆನ್ ಆಫ್ ಮಾಡುವ ಸರ್ಕ್ಯೂಟುಗಳಿರುತ್ತವೆ. ಸರಿಯಾದ ಫಿಲ್ಟರ್ ಇಲ್ಲದಿದ್ದರೆ ಪ್ರತಿಯೊಂದೂ ಒಂದು ಪುಟ್ಟ ಅಡ್ಡಿಯ ಸ್ಟೇಷನ್. ಒಂದೊಂದನ್ನೇ ಆರಿಸುತ್ತಾ ಕಿವಿಗೊಟ್ಟೆ. ನಮ್ಮ ಮನೆಯಲ್ಲಿ ಮುಖ್ಯ ಅಪರಾಧಿಗಳು ಎರಡು: ನನ್ನದೇ ಚಾರ್ಜರು ಮತ್ತು ದೇವರ ಪಟದ ಸುತ್ತ ಮಿಣುಕುವ ದೀಪದ ಸರ. ದೀಪದ ಸರಕ್ಕೆ ಅಜ್ಜಿ ತಾವೇ ತೀರ್ಪು ಕೊಟ್ಟರು: ‘ದೇವರಿಗೆ ಎಣ್ಣೆ ದೀಪ ಸಾಕು, ಕಿತ್ತಾಕೆ.’

ಮೂರನೆಯದು ಆಂಟೆನಾ. ಇದರ ಲೆಕ್ಕ ಹೈಸ್ಕೂಲಿನದು. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ತರಂಗದ ಉದ್ದ ಮೀಟರಿನಲ್ಲಿ ಸಿಗುತ್ತದೆ. 101.3ಕ್ಕೆ 2.96 ಮೀಟರ್. ಅದರಲ್ಲಿ ಅರ್ಧ 1.48, ತಂತಿಯ ತುದಿಗಳ ಪರಿಣಾಮಕ್ಕೆ ನೂರಕ್ಕೆ ಐದರಷ್ಟು ಕಳೆದರೆ 1.41. ಅಂದರೆ ಎಡಕ್ಕೆ 70 ಸೆಂಟಿಮೀಟರ್, ಬಲಕ್ಕೆ 70 ಸೆಂಟಿಮೀಟರ್. ಇದಕ್ಕೆ ಡೈಪೋಲ್ ಎನ್ನುತ್ತಾರೆ. ಮನೆಯ ಹತ್ತಿರದಲ್ಲೇ ಎಸ್.ಪಿ. ರಸ್ತೆ. ಹಿಂದೆ ಟಿವಿ ಆಂಟೆನಾದಿಂದ ಕೆಳಕ್ಕೆ ಇಳಿಸುತ್ತಿದ್ದ ಚಪ್ಪಟೆ ತಂತಿ ಕೇಳಿದೆ. ಅಂಗಡಿಯವರು ನಕ್ಕು, ‘ಅದು ಕೇಳೋರೇ ಇಲ್ಲ’ ಎಂದು ಎರಡೆಳೆಯ ಮಾಮೂಲಿ ವೈರು, ಎಂಟು ಮೀಟರ್ ಆರ್‌ಜಿ-6 ಕೇಬಲ್ಲು, ಎರಡು ಕನೆಕ್ಟರು ಕೊಟ್ಟರು. ಎಲ್ಲ ಸೇರಿ 280 ರೂಪಾಯಿ. ವೈರಿನ ಎರಡೆಳೆ ಸೀಳಿ, ಒಂದು ಉದ್ದನೆಯ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಎರಡೂ ಕಡೆಗೆ ಚಾಚಿ ಕಟ್ಟಿ, ನಡುವೆ ಕೇಬಲ್ಲಿನ ಒಳತಂತಿಯನ್ನು ಒಂದು ತೋಳಿಗೂ ಹೊರಗಿನ ಹೆಣಿಗೆಯನ್ನು ಇನ್ನೊಂದು ತೋಳಿಗೂ ಸೇರಿಸಿದೆ. ಇನ್ನೊಂದು ತುದಿ ಸೆಟ್ಟಿನ 75 ಓಮ್ ಸ್ಕ್ರೂಗೆ.

ನಾಲ್ಕನೆಯದು ಜಾಗ, ಬೆವರಿಳಿಸಿದ್ದು ಇದೇ. ಪೇಟೆಯಂಥ ಜಾಗದಲ್ಲಿ ಸಂಕೇತ ಕಡಿಮೆಯಾಗುವುದು ಅರ್ಧ ತೊಂದರೆ ಮಾತ್ರ. ಒಂದೇ ಅಲೆ ನಾಲ್ಕು ಗೋಡೆಗೆ ಬಡಿದು ನಾಲ್ಕು ದಾರಿಯಲ್ಲಿ, ಕ್ಷಣದ ತೀರ ಚಿಕ್ಕ ಪಾಲಿನಷ್ಟು ಹಿಂದೆಮುಂದೆ ಬರುತ್ತದೆ; ಒಂದನ್ನೊಂದು ಹೊಡೆದುಹಾಕುತ್ತವೆ. ‘ಸ’ಕಾರ, ‘ಶ’ಕಾರಗಳು ಸೀಳಿದ ಬಟ್ಟೆಯಂತೆ ಕೇಳುವುದು ಇದರಿಂದಲೇ. ಇಲ್ಲಿ ಮುಕ್ಕಾಲು ಮೀಟರ್ ಎಂದರೆ ತರಂಗದ ಕಾಲುಭಾಗ. ಅಷ್ಟು ಸರಿಸಿದರೆ ನರಕ ಸ್ವರ್ಗವಾಗಬಹುದು, ಸ್ವರ್ಗ ನರಕವೂ ಆಗಬಹುದು. ಡೈಪೋಲ್ ತನ್ನ ಅಗಲಕ್ಕೆ ಎದುರಾಗಿ ಬಂದದ್ದನ್ನು ಚೆನ್ನಾಗಿ ಹಿಡಿಯುತ್ತದೆ, ತುದಿಗಳ ದಿಕ್ಕಿನಿಂದ ಬಂದದ್ದನ್ನು ಹೆಚ್ಚುಕಡಿಮೆ ಕೇಳಿಸಿಕೊಳ್ಳುವುದೇ ಇಲ್ಲ. ಆದ್ದರಿಂದ ಬೇಡದ ಪ್ರತಿಧ್ವನಿಯ ಕಡೆಗೆ ತುದಿ ತಿರುಗಿಸುವುದು ಜಾಣತನ. ನಾನು ತಾರಸಿಯ ಮೆಟ್ಟಿಲ ಮೇಲೆ ಪಟ್ಟಿ ಹಿಡಿದು ತಿರುಗಿಸುತ್ತಿದ್ದೆ, ಅಜ್ಜಿ ಕೆಳಗಿನಿಂದ ‘ಬಂತು... ಹೋಯ್ತು... ಬಂತು, ಅಲ್ಲೇ ಇರು’ ಎನ್ನುತ್ತಿದ್ದರು. ಕೊನೆಗೆ ಹಳೇ ಟಿವಿ ಆಂಟೆನಾದ ತುಕ್ಕು ಹಿಡಿದ ಕಂಬದಿಂದ ನಾಲ್ಕಡಿ ಈಚೆ, ಒಂದು ಓರೆ ಕೋನದಲ್ಲಿ ಜಾಗ ಸಿಕ್ಕಿತು. ಮೆಟ್ಟಿಲ ಮಾಡಿನ ಕೆಳಗೇ ಕಟ್ಟಿದೆ. ಗುಡುಗು ಬಂದಾಗ ಕೇಬಲ್ ಬಿಚ್ಚಿಡುತ್ತೇನೆ.

ಬೂಸ್ಟರ್ ಹಾಕಿಸಿ ಎಂದು ಸಲಹೆ ಕೊಟ್ಟವರಿದ್ದರು. ಬೂಸ್ಟರಿಗೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ. ಬಂದದ್ದನ್ನೆಲ್ಲ ದೊಡ್ಡದು ಮಾಡುತ್ತದೆ. ಬೆಂಗಳೂರಿನ ಗಾಳಿಯಲ್ಲಿ ಹತ್ತಾರು ಸ್ಟೇಷನ್ನುಗಳು ತುಂಬಿವೆ. ಹತ್ತಿರದ ಜೋರು ಸ್ಟೇಷನ್ನುಗಳನ್ನೂ ಪ್ರತಿಧ್ವನಿಗಳನ್ನೂ ಬಲ್ಬಿನ ಗದ್ದಲವನ್ನೂ ಹಿಗ್ಗಿಸಿ ಸೆಟ್ಟಿನ ಕತ್ತು ಹಿಸುಕಿದರೆ ರೋಗ ಜಾಸ್ತಿಯಾಗುತ್ತದೆ. ಸಾಂಸ್ಕೃತಿಕ ಚರ್ಚೆಗಳಲ್ಲೂ ನಾವು ಇದನ್ನೇ ಮಾಡುತ್ತೇವೆ, ಇರಲಿ.

ಮರುದಿನ ಬೆಳಿಗ್ಗೆ 102.9ರಲ್ಲಿ ಹಳೇ ಚಿತ್ರಗೀತೆ ಬರುತ್ತಿತ್ತು. ಅಜ್ಜಿ ಸ್ವಲ್ಪ ಹೊತ್ತು ಕೇಳಿ, ‘ಹಂಗಾದ್ರೆ ಮುಚ್ಚಿರಲಿಲ್ಲ’ ಎಂದರು. ಆಮೇಲೆ ‘ಆಕಾಶವಾಣಿ ಈರಣ್ಣ’ ಎಂದೇ ಹೆಸರಾಗಿದ್ದ ಎ.ಎಸ್. ಮೂರ್ತಿಯವರ ಧ್ವನಿಯ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಬಾನುಲಿ ನಾಟಕದ ಸಂಶೋಧಕಿಯಾದ ನಾನು ಅವರ ಜೊತೆ ಎರಡು ವರ್ಷ ಒಂದೇ ಸೂರಿನಡಿ ಇದ್ದು ಈ ಅರ್ಧ ಗಂಟೆಯನ್ನು ಒಮ್ಮೆಯೂ ಕೇಳಿರಲಿಲ್ಲ.

ಈಗ ಜಗಳಕ್ಕೆ ಬರುತ್ತೇನೆ.

‘ರೇಡಿಯೋ ಸತ್ತಿತು’ ಎನ್ನುವುದು ನಮ್ಮ ಸಾಹಿತ್ಯವಲಯದ ಮೆಚ್ಚಿನ ಶೋಕಗೀತೆ. ಇದನ್ನು ಹಾಡುವವರಲ್ಲಿ ಬಹುಪಾಲು ಜನ ಸೆಟ್ಟಿನ ಹಿಂಭಾಗ ನೋಡಿದವರಲ್ಲ. ಸದ್ದು ಕೆಟ್ಟಿತು, ಆರಿಸಿದರು, ಕೆಲ ವರ್ಷದ ಮೇಲೆ ಗುಜರಿಗೆ ಕೊಟ್ಟರು, ಆಮೇಲೆ ಲೇಖನ ಬರೆದರು. ನಮ್ಮ ಮನೆಯ ಕಿತ್ತುಹೋದ ತಂತಿಯನ್ನು ನಾವು ಒಂದು ಯುಗಾಂತ್ಯವೆಂದು ಓದಿದೆವು. ಇದು ಬರೀ ಸೋಮಾರಿತನವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಇದಕ್ಕೆ ಪರಿಣಾಮವಿದೆ. ಮನೆಯಲ್ಲಿ ಸದ್ದು ಕೆಟ್ಟಾಗ ಜನ ಕೇಳುವುದು ಬಿಡುತ್ತಾರೆ. ಕೇಳುವವರು ಕಡಿಮೆಯಾದರೆಂದು ಕಾರ್ಯಕ್ರಮಕ್ಕೆ ಹಣ, ಜನ, ಸಮಯ ಕಡಿತ ಮಾಡುವುದಕ್ಕೆ ಕಾರಣ ಸಿಗುತ್ತದೆ. ಕಡಿತವಾದ ಕಾರ್ಯಕ್ರಮವನ್ನು ತೋರಿಸಿ ‘ಕೇಳಲು ಏನಿದೆ?’ ಎನ್ನುತ್ತೇವೆ. ಈ ಸುತ್ತಿನಲ್ಲಿ ಎಲ್ಲಿಯೂ ಯಾರೂ ಆಂಟೆನಾದ ಹೆಸರೆತ್ತುವುದಿಲ್ಲ.

ಸರ್ಕಾರದ ಲೆಕ್ಕವೂ ಗೋಡೆಯ ಹೊರಗೇ ನಿಲ್ಲುತ್ತದೆ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಆಕಾಶವಾಣಿ ಮತ್ತು ದೂರದರ್ಶನದ ಮೂಲಸೌಕರ್ಯಕ್ಕೆ 2,539.61 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆಕಾಶವಾಣಿ ಎಫ್‌ಎಂನ ವ್ಯಾಪ್ತಿಯನ್ನು ಭೂಭಾಗದ ಲೆಕ್ಕದಲ್ಲಿ ಶೇ 59ರಿಂದ 66ಕ್ಕೂ ಜನಸಂಖ್ಯೆಯ ಲೆಕ್ಕದಲ್ಲಿ ಶೇ 68ರಿಂದ 80ಕ್ಕೂ ಏರಿಸುವ ಗುರಿ. ಒಳ್ಳೆಯ ಗುರಿ, ಸ್ವಾಗತ. ಆದರೆ ಅವೆನ್ಯೂ ರಸ್ತೆಯ ನಮ್ಮ ಅಜ್ಜಿ ಆ 68ರೊಳಗೇ ಇದ್ದರು. ನಕಾಶೆಯಲ್ಲಿ ಅವರಿಗೆ ರೇಡಿಯೋ ತಲುಪಿತ್ತು; ನಡುಮನೆಗೆ ತಲುಪಿರಲಿಲ್ಲ. ಕಾಲುವೆ ಹೊಲದ ಬದಿಗೆ ಬಂದರೆ ನೀರಾವರಿ ಆಯಿತೆಂದು ಬರೆದುಕೊಳ್ಳುವ ಹಾಗೆ ಇದು. ಕೊನೆಯ ಒಂದೂವರೆ ಮೀಟರಿನ ತೂಬು ತೆಗೆಯುವುದು ಹೇಗೆಂದು ಕೇಳುಗರಿಗೆ ಹೇಳಿಕೊಡುವುದೂ ಪ್ರಸಾರದ ಕೆಲಸವೇ. ವಾರಕ್ಕೊಮ್ಮೆ ಹತ್ತು ನಿಮಿಷ ಸಾಕು.

‘ಅಷ್ಟೆಲ್ಲ ಯಾಕೆ, ಆಪ್ ಇದೆಯಲ್ಲ?’ ಇದು ಎಲ್ಲರ ಕೊನೆಯ ಬಾಣ. ಹೌದು, ಇದೆ. ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆಪ್‌ನಲ್ಲಿ ದೇಶದ ಎಷ್ಟೋ ಸ್ಟೇಷನ್ನುಗಳು ಸಿಗುತ್ತವೆ. ಧಾರವಾಡವನ್ನು ನಾನು ಕೇಳುವುದು ಅದರಲ್ಲೇ; ಎಫ್‌ಎಂ ಅಲೆ ಬೆಂಗಳೂರಿನ ತನಕ ಬರಲಾರದು. ಆಪ್ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಒಂದು ಇನ್ನೊಂದಕ್ಕೆ ಬದಲಿ ಎನ್ನುವ ಮಾತನ್ನು ಒಪ್ಪಲಾರೆ. ಪ್ರಸಾರದ ಗೋಪುರಕ್ಕೆ ಒಬ್ಬರು ಕೇಳಿದರೂ ಒಂದೇ, ಹತ್ತು ಲಕ್ಷ ಜನ ಕೇಳಿದರೂ ಒಂದೇ. ಇನ್ನೊಬ್ಬ ಕೇಳುಗನಿಗಾಗಿ ಇನ್ನೊಂದು ಪೈಸೆ ಖರ್ಚಿಲ್ಲ. ಇಂಟರ್‌ನೆಟ್ಟಿನಲ್ಲಿ ಪ್ರತಿಯೊಬ್ಬನಿಗೂ ಬೇರೆ ಬೇರೆ ಹರಿವು. ಪ್ರತಿ ಹರಿವಿಗೂ ಕಳಿಸುವವನಿಗೆ ಖರ್ಚು, ಪಡೆಯುವವನಿಗೆ ಡೇಟಾ. ಕಣ್ಣು ಮಂಜಾದ ಅಜ್ಜಿಗೆ ಗಾಜಿನ ಪರದೆಯ ಮೇಲಿನ ಚಿತ್ರಕ್ಕಿಂತ ಬೆರಳಿಗೆ ಸಿಗುವ ತಿರುಗಣೆ ದೊಡ್ಡದು. ಮೊಮ್ಮಗ ಫೋನಿಗೆ ಆಪ್ ಹಾಕಿಕೊಟ್ಟಿದ್ದ. ಅದು ಎರಡನೇ ದಿನವೇ ಏನೋ ಅಪ್‌ಡೇಟ್ ಕೇಳಿ ನಿಂತಿತು. ಮೊಮ್ಮಗ ಇರುವುದು ಪುಣೆಯಲ್ಲಿ.

ಇನ್ನೊಂದು ವಿಷಯ ಇದಕ್ಕಿಂತ ಗಂಭೀರ. ಹಳೇ ಪುಸ್ತಕದ ರಾಶಿಯೊಂದರಲ್ಲಿ ನನಗೆ ರೇಡಿಯೋ ಲೈಸೆನ್ಸಿನ ಪುಸ್ತಕವೊಂದು ಸಿಕ್ಕಿತ್ತು. 1980ರ ದಶಕದವರೆಗೂ ನಮ್ಮಲ್ಲಿ ಮನೆಯಲ್ಲಿ ರೇಡಿಯೋ ಇಡಲು ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಿ ಸ್ಟ್ಯಾಂಪು ಅಂಟಿಸಿಕೊಂಡು ಬರಬೇಕಿತ್ತು. ಹೆಸರು, ವಿಳಾಸ ಎಲ್ಲ ಸರ್ಕಾರದ ಬಳಿ. ಆಮೇಲೆ ಅದು ಹೋಯಿತು. ಅಂದಿನಿಂದ ರೇಡಿಯೋ ಕೇಳುವವರು ಯಾರೆಂದು ಗಾಳಿಗೂ ಗೊತ್ತಿಲ್ಲ. ಇಂಟರ್‌ನೆಟ್ಟಿನ ಹರಿವಿಗೆ ಮಾತ್ರ ನಿಮ್ಮ ಉಪಕರಣದ ವಿಳಾಸ ತಿಳಿಯದೆ ಒಂದು ಅಕ್ಷರವನ್ನೂ ಕಳಿಸಲಾಗದು. ಯಾವಾಗ ಕೇಳಲು ಕುಳಿತಿರಿ, ಯಾವಾಗ ಎದ್ದಿರಿ ಎಂಬುದು ಅಲ್ಲಿ ದಾಖಲಾಗಬಲ್ಲದು. ಅಂಚೆ ಕಚೇರಿಯ ಪುಸ್ತಕವನ್ನು ಕಷ್ಟಪಟ್ಟು ಕಳೆದುಕೊಂಡ ನಾವು, ಅದಕ್ಕಿಂತ ನೂರು ಪಟ್ಟು ವಿವರವಾದ ಪುಸ್ತಕಕ್ಕೆ ನಗುನಗುತ್ತಾ ಸಹಿ ಹಾಕುತ್ತಿದ್ದೇವೆ. ಸ್ವಾತಂತ್ರ್ಯದ ಬಗ್ಗೆ ದಿನಕ್ಕೆರಡು ಪೋಸ್ಟ್ ಹಾಕುವ ಗೆಳೆಯರಿಗೆ ಇದು ಯಾಕೆ ತೋಚುವುದಿಲ್ಲವೋ.

ಹೊರದೇಶದ ಉದಾಹರಣೆ ಕೊಟ್ಟು ‘ನಾರ್ವೆಯೇ ಎಫ್‌ಎಂ ನಿಲ್ಲಿಸಿತು’ ಎನ್ನುವವರಿದ್ದಾರೆ. ನಿಲ್ಲಿಸಿದ್ದು ನಿಜ. 2017ರಲ್ಲಿ ಅದು ರಾಷ್ಟ್ರಮಟ್ಟದ ಎಫ್‌ಎಂ ಪ್ರಸಾರ ನಿಲ್ಲಿಸಿದ ಮೊದಲ ದೇಶವಾಯಿತು. ಆದರೆ ಅವರು ಜನರ ಕೈಗೆ ಆಪ್ ಕೊಟ್ಟು ಮನೆಗೆ ಕಳಿಸಲಿಲ್ಲ. ಅದರ ಜಾಗಕ್ಕೆ ಡಿಎಬಿ ಎಂಬ ಡಿಜಿಟಲ್ ಪ್ರಸಾರ ತಂದರು. ಅದೂ ಗೋಪುರದಿಂದ ಗಾಳಿಯಲ್ಲೇ ಬರುತ್ತದೆ, ಅದಕ್ಕೂ ಆಂಟೆನಾ ಬೇಕು.

ನಮ್ಮಲ್ಲಿ 1995ರಲ್ಲೇ ಸುಪ್ರೀಂ ಕೋರ್ಟ್ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಹೇಳಿತು. ಆ ತೀರ್ಪಿನ ಮರುವರ್ಷ, 1996ರಲ್ಲಿ, ಸಮುದಾಯ ರೇಡಿಯೋ ಬೇಕೆಂಬ ಘೋಷಣೆ ಹೊರಟದ್ದು ಇದೇ ಬೆಂಗಳೂರಿನಿಂದ. ಆದರೂ ಊರವರು ತಮ್ಮದೇ ರೇಡಿಯೋ ನಡೆಸಲು ಅನುಮತಿ ಸಿಗುವುದು ತಡವಾಯಿತು. ವಿದ್ಯಾಸಂಸ್ಥೆಗಳಿಗೆ 2002ರಲ್ಲಿ, ಸಂಘಸಂಸ್ಥೆಗಳಿಗೆ 2006ರಲ್ಲಿ. ನಡುವಿನ ಆ ಕಾಲದಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯವರು ಏನು ಮಾಡಿದರು ಗೊತ್ತೆ? ಗಾಳಿಯಲ್ಲಿ ಪ್ರಸಾರ ಮಾಡಲು ಕಾನೂನು ಬಿಡದಿದ್ದಾಗ ‘ನಮ್ಮ ಧ್ವನಿ’ಯನ್ನು ಕೇಬಲ್ಲಿನ ಮೂಲಕ ಮನೆಮನೆಗೆ ಒಯ್ದರು. ಊರಿನ ಮಾತು ಊರಿಗೆ ಕೇಳಿಸಬೇಕೆಂದು ಬೀದಿಬೀದಿಗೆ ತಂತಿ ಎಳೆದವರು ಅವರು. ನಮಗೆ ಗಾಳಿಯೇ ತಂದು ಕೊಡುತ್ತಿದೆ. ನಾವು ಒಂದೂವರೆ ಮೀಟರ್ ತಂತಿ ಕಟ್ಟಲು ಮೈಗಳ್ಳರಾಗಿ ಶೋಕಗೀತೆ ಹಾಡುತ್ತಿದ್ದೇವೆ. ಇಂದಿನ ಸಮುದಾಯ ರೇಡಿಯೋಗಳಿಗಂತೂ ನಿಯಮದ ಪ್ರಕಾರ ಇರುವ ಶಕ್ತಿಯೇ 100 ವ್ಯಾಟ್. ಆಂಟೆನಾ ನೆಲದಿಂದ 30 ಮೀಟರಿಗಿಂತ ಎತ್ತರ ಇರುವಂತಿಲ್ಲ. ಅಷ್ಟು ಸಣ್ಣ ದನಿ ನಿಮ್ಮ ಮನೆಗೆ ಬರಬೇಕಾದರೆ ನೀವೂ ಒಂದು ಹೆಜ್ಜೆ ಎದುರು ಹೋಗಬೇಕು.

ಕೇಳುಗರು ಹೀಗೆ ಎದುರು ಹೋಗುವುದು ಹೊಸತೇನಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪ್ರಸಾರ ಶುರುಮಾಡಿದರು. ಆಕಾಶವಾಣಿ ಎಂಬ ಹೆಸರು ದೇಶಕ್ಕೆ ಹೋದದ್ದು ಅಲ್ಲಿಂದ. ಆ ಕಾಲದಲ್ಲಿ ರೇಡಿಯೋ ಕೊಂಡರೆ ತಾರಸಿಯ ಮೇಲೆ ಏರಿಯಲ್ ಕಟ್ಟುವುದು, ನೆಲಕ್ಕೆ ಅರ್ತ್ ಕೊಡುವುದು ಕೊಂಡವರ ಕೆಲಸವೇ. ನಡುಮನೆಯ ಗೋಡೆಯಿಂದ ಗೋಡೆಗೆ ತಾಮ್ರದ ಜಾಲರಿ ಪಟ್ಟಿ ಕಟ್ಟುತ್ತಿದ್ದರು ಎಂದು ಅಜ್ಜಿಯೂ ಹೇಳುತ್ತಾರೆ. ನಾನು ಓದಿದ ಬಾನುಲಿ ನಾಟಕದ ಅಧ್ಯಯನಗಳಲ್ಲಿ ಬರೆದವರು, ಆಡಿದವರು, ಪ್ರಸಾರ ಮಾಡಿದವರು ಎಲ್ಲರೂ ಇದ್ದಾರೆ. ಜಾಲರಿ ಕಟ್ಟಿದವರು ಎಲ್ಲೂ ಇಲ್ಲ. ಕೇಳುಗರೆಂದರೆ ಸುಮ್ಮನೆ ಕೂತು ಕೇಳಿಸಿಕೊಂಡವರೆಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ.

ಇದೆಲ್ಲ ಹಳೆಯದರ ಹುಚ್ಚಲ್ಲವೇ, ಬರುವ ಕಾರ್ಯಕ್ರಮಗಳಾದರೂ ಕೇಳುವ ಹಾಗಿವೆಯೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸ್ಪಷ್ಟವಾಗಿ ಕೇಳತೊಡಗಿದ ಮೇಲೆ ನನಗೂ ಬೇಸರ ತರಿಸಿದ್ದು ಬಹಳವಿದೆ. ಖಾಸಗಿ ಎಫ್‌ಎಂಗಳಿಗೆ ಸ್ವಂತ ವಾರ್ತೆ ಮಾಡಲು ಇಂದಿಗೂ ಅನುಮತಿಯಿಲ್ಲ, ಆಕಾಶವಾಣಿಯ ವಾರ್ತೆಯನ್ನೇ ಮರುಪ್ರಸಾರ ಮಾಡಬೇಕು. ಇದು ಜಗಳವಾಡಬೇಕಾದ ಸಂಗತಿ. ಸಾಹಿತ್ಯ ಕಾರ್ಯಕ್ರಮಗಳ ಗುಣಮಟ್ಟದ ಬಗ್ಗೆ ಜಗಳ ಬೇಕು, ಹೊತ್ತಿನ ಬಗ್ಗೆ ಜಗಳ ಬೇಕು. ಆದರೆ ಜಗಳವಾಡಲು ಮೊದಲು ಕೇಳಿರಬೇಕು. ಓದದ ಪುಸ್ತಕದ ವಿಮರ್ಶೆ ಬರೆದರೆ ನಾವು ಉಗಿಯುತ್ತೇವೆ. ಕೇಳದ ರೇಡಿಯೋದ ಚರಮಗೀತೆಗೆ ಯಾಕೆ ಚಪ್ಪಾಳೆ?

ಆಗಬೇಕಾದದ್ದು ದೊಡ್ಡದೇನಲ್ಲ. ಹಿಂದಿನ ಮನೆಗಳಲ್ಲಿ ಟಿವಿ ಆಂಟೆನಾಕ್ಕೆ ದಾರಿ ಇರುತ್ತಿತ್ತು. ಈಗ ಕಟ್ಟುವವರು ತಾರಸಿಯಿಂದ ನಡುಮನೆಗೆ ಒಂದು ಪೈಪು ಬಿಡಲಿ. ಬಾಡಿಗೆ ಮನೆಯ ಮಾಲೀಕರು ಒಂದು ತಂತಿಗೆ ತಾರಸಿಯ ಬೀಗ ತೆಗೆಯಲಿ. ಫೋನುಗಳಲ್ಲಿ ಎಫ್‌ಎಂ ಬಂದ್ ಮಾಡಬೇಡಿ ಎಂದು ಕೇಂದ್ರ ಸರ್ಕಾರ 2023ರಲ್ಲಿ ತಯಾರಕರಿಗೆ ಸೂಚನೆ ಕೊಟ್ಟಿದೆ. ಅದು ಬರೀ ಸೂಚನೆಯಾಗಿ ಉಳಿಯದಿರಲಿ. ಆ ಎಫ್‌ಎಂ ಇರುವ ಫೋನಿಗೂ ಇಯರ್‌ಫೋನಿನ ತಂತಿಯೇ ಆಂಟೆನಾ ಎಂಬುದನ್ನು ನಾವೂ ನೆನಪಿಡೋಣ. ಕನ್ನಡ ವಿಭಾಗ, ಪತ್ರಿಕೋದ್ಯಮ ವಿಭಾಗಗಳಲ್ಲಿ ರೇಡಿಯೋ ಪಾಠ ಮಾಡುವವರು ಒಂದು ಮಧ್ಯಾಹ್ನ ವಿದ್ಯಾರ್ಥಿಗಳ ಕೈಯಲ್ಲಿ 70 ಮತ್ತು 70 ಸೆಂಟಿಮೀಟರಿನ ವೈರು ಕೊಟ್ಟು ತಾರಸಿಗೆ ಕಳಿಸಲಿ. ಮಾಧ್ಯಮ ಸಿದ್ಧಾಂತದ ಅರ್ಧ ಅಲ್ಲೇ ಅರ್ಥವಾಗುತ್ತದೆ.

ಮೂರನೇ ಅಧ್ಯಾಯದ ಆ ವಾಕ್ಯವನ್ನು ಹೊಡೆದುಹಾಕಿದ್ದೇನೆ. ಅದರ ಜೊತೆ ಅದಕ್ಕೆ ಆತುಕೊಂಡಿದ್ದ ಹನ್ನೊಂದು ಪುಟಗಳೂ ಹೋದವು. ಸಲ್ಲಿಸುವ ಗಡುವು ಹತ್ತಿರವಿದೆ. ಗೈಡ್ ಮೇಡಂ ಕನ್ನಡಕದ ಮೇಲಿನಿಂದ ನೋಡಿ, ‘ಈಗ ಇದರ ಜಾಗಕ್ಕೆ ಏನು ಬರೆಯುತ್ತೀ?’ ಎಂದರು. ಪೇಟೆಯ ಹತ್ತು ಮನೆಗಳಿಗೆ ಹೋಗಿ, ಮೂಲೆಯಲ್ಲಿರುವ ಸೆಟ್ಟುಗಳ ಹಿಂಭಾಗ ನೋಡಿ, ತಂತಿ ಇಲ್ಲದ ಕಡೆ ಕಟ್ಟಿಕೊಟ್ಟು, ಆಮೇಲೆ ಏನು ಕೇಳುತ್ತಾರೆಂದು ಬರೆಯುತ್ತೇನೆ ಎಂದೆ. ಆರು ತಿಂಗಳು ಹೆಚ್ಚು ಬೇಕಾಗುತ್ತದೆ ಎಂದೆ. ಅವರು ಅರ್ಜಿಗೆ ಸಹಿ ಹಾಕಿದರು. ಪೆನ್ನು ಮುಚ್ಚುತ್ತಾ, ತಮ್ಮ ಮನೆಯ ಅಟ್ಟದ ಮೇಲೂ ಒಂದು ಸೆಟ್ಟಿದೆ, ಎಷ್ಟೋ ವರ್ಷದಿಂದ ಬರೀ ಗೊರಗೊರ ಎನ್ನುತ್ತದೆ ಎಂದರು.

ಭಾನುವಾರ ಅಲ್ಲಿಗೆ ಹೋಗುತ್ತಿದ್ದೇನೆ. ಎಸ್.ಪಿ. ರಸ್ತೆಯಿಂದ ವೈರು ತಂದಿಟ್ಟಿದ್ದೇನೆ.